ಎಂಟೋ, ಅರವತ್ತನಾಲ್ಕೋ?

ಬೆಳಿಗ್ಗೆ ಮೂಲೆರಾಯರು ಬಾಯಿಬಿಟ್ಟು ಒಂದು ಪ್ರಶ್ನೆ ಕೇಳಿದ್ದೇ ಎಲ್ಲಕ್ಕೂ ಕಾರಣ.

ಆಫೀಸಿನ ಹಾಲಿನ ಮೂಲೆಯಲ್ಲಿ ಅವರ ಕುರ್ಚಿ. ಅಡ್ಡಹೆಸರು ಬಂದದ್ದೂ ಹಾಗೆಯೇ. ಹನ್ನೊಂದು ವರ್ಷಗಳಲ್ಲಿ ಸಹೋದ್ಯೋಗಿಗಳು ಅವರೊಡನೆ ಆಡಿದ್ದು "ಸ್ವಲ್ಪ ಜರುಗ್ತೀರಾ, ಕಿಟಕಿ ಹಾಕ್ಬೇಕು" ಎಂಬಷ್ಟೇ ಮಾತು.

ನದಿಯ ನೀರು ಎಷ್ಟು ಏರೀತೆಂದು ಹೇಳುವ ಪ್ರೋಗ್ರಾಂ ಅವರದು. ನೂರು ಕಂಪ್ಯೂಟರುಗಳು ಕೆಲಸ ಹಂಚಿಕೊಂಡು, ಒಂದಕ್ಕೊಂದು ಸಂದೇಶ ಕಳಿಸುತ್ತ ಅದನ್ನು ನಡೆಸುತ್ತಿದ್ದವು. ಸಂಜೆ ಐದರೊಳಗೆ ಉತ್ತರ ಅಣೆಕಟ್ಟಿನವರಿಗೆ ತಲುಪಬೇಕು. ಪ್ರೋಗ್ರಾಮೋ, ತುಂಬಿದ ಬಸ್ಸು ದಿಬ್ಬ ಹತ್ತುವಂತೆ ಏದುಸಿರು ಬಿಡುತ್ತಿತ್ತು. ಸಂದೇಶ ಸಾಗಿಸುವ ‘ಲೈಬ್ರರಿ’ ಎಂಬ ಸಿದ್ಧ ಪ್ರೋಗ್ರಾಮಿಗೆ ಆಯ್ಕೆಗಳನ್ನು ಜೋಡಿಯಾಗಿ ಕೊಡಬೇಕು: ಒಂದು ಹೆಸರು, ಅದರೆದುರು ಒಂದು ಮೌಲ್ಯ. ಹೆಸರು ಟೈಪಿಸಿದ ರಾಯರು ಮೌಲ್ಯದ ಹತ್ತಿರ ತಡವರಿಸಿದರು.

"ಎಷ್ಟು ಕಂಪ್ಯೂಟರ್ ಸೇರಿ ಫೈಲ್ ಬರೀಬೇಕು ಅನ್ನೋದಕ್ಕೆ ಎಷ್ಟು ಕೊಡ್ಲಿ?"

"ಎಂಟು ಕೊಡಿ ಸಾರ್." ಪಕ್ಕದ ಮೇಜಿನ ಕನ್ನಡಕದಮ್ಮ ಎದ್ದು ಬಂದರು. ಪ್ರೋಗ್ರಾಂ ತುಸು ಚುರುಕಾಯಿತು!

"ಎಂಟು ಯಾವ ಮೂಲೆಗ್ರೀ? ಹದಿನಾರು ಹಾಕಿ," ಎಂದು ಮೀಸೆಯವರು ಬಂದರು. ಇನ್ನೂ ಚುರುಕು. ಮಧ್ಯಾಹ್ನ ದಾಟುವಷ್ಟರಲ್ಲಿ ಆಫೀಸಿನ ಉಳಿದ ಒಂಬತ್ತೂ ಜನ ರಾಯರ ಮೇಜು ಮುತ್ತಿದ್ದರು. ಯಾರೋ ಅವರ ಹೆಗಲ ಮೇಲೆ ಕೈಯಿಟ್ಟರು. ಆ ಕೈ ಎಲ್ಲಿ ಜಾರಿಬಿಟ್ಟೀತೋ ಎಂದು ರಾಯರು ಉಸಿರನ್ನೂ ಹಗುರಾಗಿ ಬಿಟ್ಟರು.

"ಮೂವತ್ತೆರಡು!"

"ಅರವತ್ತನಾಲ್ಕು! ನಂಗೆ ಗೊತ್ತಿಲ್ವಾ?"

ಗಲಾಟೆಗೆ ಬಾಸ್ ಹೊರಬಂದರು. "ಏನ್ರೀ ಇದು ಸಂತೆ?"

ಅವರಿಗೆ ತೋರಿಸಲೆಂದು ರಾಯರು ಪರದೆಯ ಅಕ್ಷರ ದೊಡ್ಡದು ಮಾಡಿದರು. ಆಯ್ಕೆಯ ಹೆಸರಿನಲ್ಲೇ ಒಂದು ಅಕ್ಷರ ಬಿಟ್ಟುಹೋಗಿತ್ತು. ಗುರುತಿಲ್ಲದ ಹೆಸರು ಕಂಡರೆ ಲೈಬ್ರರಿ ತಪ್ಪೆನ್ನುವುದಿಲ್ಲ, ಬೈಯುವುದಿಲ್ಲ. ಕಂಡೂ ಕಾಣದಂತೆ ಮುಂದೆ ಹೋಗುತ್ತದೆ. ಬೆಳಿಗ್ಗೆಯಿಂದ ಕೊಟ್ಟ ಒಂದು ಸಂಖ್ಯೆಯನ್ನೂ ಅದು ಓದಿರಲಿಲ್ಲ.

"ಮತ್ತೆ ಜೋರಾಗಿದ್ದು ಹೇಗ್ರೀ?" ಎಂದ ಬಾಸ್ ಯಾರ ಯಾರ ಕೆಲಸ ಓಡುತ್ತಿದೆಯೆಂದು ಪಟ್ಟಿ ನೋಡಿದರು. ಎಲ್ಲರೂ ಬಳಸುವುದು ಅದೇ ನೂರು ಕಂಪ್ಯೂಟರುಗಳನ್ನು. ಒಬ್ಬೊಬ್ಬರೂ ತಮ್ಮ ಕೆಲಸ ನಿಲ್ಲಿಸಿ ಸಲಹೆ ಕೊಡಲು ಬಂದಂತೆಲ್ಲ ಅವು ರಾಯರಿಗೇ ಬಿಡುವಾಗಿದ್ದವು.

"ಹಾಗಾದ್ರೆ ಎಲ್ಲರೂ ಮನೆಗೆ ಹೊರಡಿ!"

"ಅಕ್ಷರ ಸರಿ ಮಾಡ್ತೀನಿ ಸಾರ್, ಯಾರೂ ಹೋಗೋದು ಬೇಡ," ರಾಯರು ಗೋಗರೆದರು.

"ಅದೂ ಆಗ್ಲಿ, ಇದೂ ಆಗ್ಲಿ. ಟೈಮಿಲ್ಲ ಕಣ್ರೀ."

"ಥ್ಯಾಂಕ್ಸ್ ಸಾರ್!" ಎಂದರು ಕನ್ನಡಕದಮ್ಮ, ಬಾಸ್‌ಗೆ. ಎರಡೇ ನಿಮಿಷದಲ್ಲಿ ಆಫೀಸು ಖಾಲಿ. ಬಾಸೂ ಹೊರಟರು.

ನಾಲ್ಕೂವರೆಗೆ ಉತ್ತರ ಬಂತು. ಅಣೆಕಟ್ಟಿನವರಿಗೆ ಕಳಿಸಿ ರಾಯರು ಕುರ್ಚಿ ತಿರುಗಿಸಿದರು.

"ಮುಗೀತು," ಎಂದರು, ಯಾರಿಗೂ ಅಲ್ಲ.

ಫೋನು ಬಡಿದುಕೊಂಡಿತು. "ಭೇಷ್ ಕಣ್ರೀ! ಅವರು ಆಗ್ಲೇ ಗೇಟು ತೆಗೆದ್ರಂತೆ," ಎಂದರು ಬಾಸ್. "ನಿಮಗೊಂದು ಉಪಕಾರ ಮಾಡಿದೀನಿ. ಇನ್ಮೇಲೆ ನಿಮ್ಮ ಡ್ಯೂಟಿ ಭಾನುವಾರ. ಒಂದು ನರಪಿಳ್ಳೆಯ ಕಾಟವೂ ಇರಲ್ಲ!"