ಲಿಂಗಂಪಲ್ಲಿಗೆ ನನ್ನ ಸಮಗ್ರ ಸಾರಿಗೆ ಯೋಜನೆ

ನಮ್ಮ ಹೈದರಾಬಾದಿನ ಬಸ್ಸಿಗೂ ರೈಲಿಗೂ ಮಾತುಕತೆ ಇಲ್ಲ ಎಂಬುದು ನನ್ನ ಬಹುದಿನದ ಸಿಟ್ಟು. ಐಟಿ ಕಂಪನಿಗಳು ಬಂದ ಮೇಲಂತೂ ಒಂದು ತುದಿಯಲ್ಲಿ ಮನೆ, ಇನ್ನೊಂದು ತುದಿಯಲ್ಲಿ ನೌಕರಿ! ಆದ್ದರಿಂದ ನಮ್ಮ ಮಲ್ಕಾಜ್‌ಗಿರಿಯ ಕಾಲೊನಿಯವರು ಸಾರಿಗೆ ಸಮಿತಿ ರಚಿಸಿ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದರು. ಬೇರೆ ಯಾರೂ ಒಪ್ಪಿರಲಿಲ್ಲ.

ಸರ್ಕಾರಕ್ಕೆ ಸಲ್ಲಿಸಲು ನಾನೊಂದು ನಕ್ಷೆ ಬರೆದೆ. ಈಗ ಓಡುವ ಬಸ್ಸುಗಳಿಗೆ ಕೆಂಪು ಗೆರೆ, ನಾವು ಕೇಳಲಿರುವ ಬಸ್ಸುಗಳಿಗೆ ನೀಲಿ ಗೆರೆ. ಪಕ್ಕದಲ್ಲಿ ವೇಳಾಪಟ್ಟಿ. ನೋಡಿದರೆ ದೃಷ್ಟಿಯಾಗುವಂತಿತ್ತು!

ಅದೇ ವಾರ ಲಿಂಗಂಪಲ್ಲಿಯ ಆಚೆ ಮನೆ ಮಾಡಿರುವ ನನ್ನ ಭಾವಮೈದುನ ಬಸವರಾಜನ ಮಗಳ ತೊಟ್ಟಿಲು. ಸೋದರತ್ತೆಯಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ನನ್ನ ಹೆಂಡತಿ ಸುಮಂಗಲಾ. ತಮ್ಮನಿಗೆ ಎಂಟು ವರ್ಷದ ಮೇಲೆ ಹುಟ್ಟಿದ ಕೂಸು. ತಿಂಗಳಿನಿಂದ ಅವಳಿಗೆ ಅದೇ ಧ್ಯಾನ; ಕೂಸಿನ ತಲೆಗೆ ಕಟ್ಟುವ ಕುಂಚಿಗೆಯನ್ನೂ ತಾನೇ ಹೊಲಿದಿದ್ದಳು.

ಬಸವರಾಜ ಫೋನು ಮಾಡಿದ. "ಮಾವಾರ, ಕಾರ್ ಕಳಸ್ತೀನ್ರಿ."

"ಬ್ಯಾಡಪಾ, ನನ್ನ ನಕ್ಷಾ ಐತಿ!"

"ರೀ, ಹನ್ನೊಂದಕ್ಕ ಮುಹೂರ್ತ ಐತ್ರಿ," ಎಂದಳು ಸುಮಂಗಲಾ.

"ಹತ್ತೂವರಿಗೆ ಅವರ ಬಾಗಲದಾಗ ಇರ್ತೀವಿ. ಅಧ್ಯಕ್ಷನ ಹೆಂಡ್ತಿ ಕಾರಿನ್ಯಾಗ ಹೋದ್ರ ಮಂದಿ ಏನಂದಾರು?"

ಮೂಲ ನಕ್ಷೆ ಮಾಸಬಾರದೆಂದು ಅದರ ಜೆರಾಕ್ಸ್ ಪ್ರತಿಯನ್ನು ಜೇಬಿಗಿಳಿಸಿ ಹೊರಟೆ.

ಮೊದಲ ಬಸ್ಸು ನಾಲ್ಕು ನಿಮಿಷ ಮುಂಚೆಯೇ ಬಂತು. ಖಾಲಿ ಇತ್ತು. "ಇದು ನಮ್ಮದಲ್ಲ. ವ್ಯಾಳ್ಯಾ ಕೂಡೂದಿಲ್ಲ," ಎಂದು ಬಿಟ್ಟೆ.

"ಅದೂ ಸಿಕಂದರಾಬಾದಿಗೇ ಹೋಗ್ತದಲ್ರಿ!"

ಯೋಜನೆ ಎಂದರೆ ಯೋಜನೆ! ಮುಂದಿನ ಬಸ್ಸು ಅರ್ಧ ಗಂಟೆಯ ಮೇಲೆ ಬಂತು. ಅದರಲ್ಲಿ ಒಂಟಿಕಾಲಲ್ಲಿ ನಿಂತು ಸಿಕಂದರಾಬಾದ್ ಸ್ಟೇಷನ್ ಮುಟ್ಟಿದಾಗ ಲೋಕಲ್ ರೈಲಿನ ಬೆನ್ನು ಕಂಡಿತು. ಇನ್ನೊಂದನ್ನು ಹಿಡಿದು ಲಿಂಗಂಪಲ್ಲಿಯಲ್ಲಿ ಇಳಿದಾಗ ಹತ್ತು ಐವತ್ತು.

"ಆಟೋ ಹಿಡೀರಿ, ನಿಮ್ಮ ಕಾಲಿಗೆ ಬೀಳ್ತೀನಿ!"

"ಹುಚ್ಚಿ, ಇನ್ನ ಆರು ನಿಮಿಷಕ್ಕ ಬಸ್ ಐತಿ. ನಕ್ಷಾದಾಗ ನೋಡು!"

ಹನ್ನೊಂದಾಯಿತು. ಹನ್ನೊಂದೂ ಕಾಲಾಯಿತು. ಸುಮಂಗಲಾ ರಸ್ತೆ ನೋಡುವುದನ್ನು ಬಿಟ್ಟು ನನ್ನನ್ನೇ ನೋಡತೊಡಗಿದಳು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಚಹಾದಂಗಡಿಯವನಿಗೆ ನಕ್ಷೆ ತೋರಿಸಿದೆ.

"ಉಧರ್ ಕೂ ಬಸ್ಸಿಚ್ ನೈ ಸಾಬ್!" ಎಂದ. ಆ ಕಡೆ ಬಸ್ಸೇ ಇಲ್ಲವಂತೆ!

ಜೆರಾಕ್ಸ್ ಪ್ರತಿಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಕೆಂಪೂ ಇರಲಿಲ್ಲ, ನೀಲಿಯೂ ಇರಲಿಲ್ಲ. ಎಲ್ಲ ಗೆರೆಯೂ ಕಪ್ಪು! ಸರ್ಕಾರಕ್ಕೆ ಕೇಳಬೇಕೆಂದಿದ್ದ ಬಸ್ಸಿಗಾಗಿ, ಅರ್ಜಿಯನ್ನೇ ಕೊಡದೆ, ನಾನು ಇಪ್ಪತ್ತೈದು ನಿಮಿಷ ಕಾದಿದ್ದೆ.

ಆಟೋದಲ್ಲಿ ಹೋಗಿ ಇಳಿದಾಗ ತೊಟ್ಟಿಲ ಹಾಡು ಮುಗಿದಿತ್ತು. ಮುಹೂರ್ತ ಮೀರುತ್ತದೆಂದು ಪಕ್ಕದ ಮನೆಯ ತೆಲುಗು ಅಮ್ಮನಿಂದ ಹೆಸರು ಹೇಳಿಸಿದ್ದರು. ಸುಮಂಗಲಾ ಕೂಸನ್ನು ಎತ್ತಿಕೊಂಡು ಕುಂಚಿಗೆ ಕಟ್ಟಿದಳು. ಕಣ್ಣು ತುಂಬಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಹೆಸರು ಹೇಳುವಾಗ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುವುದು ನಮ್ಮ ಪದ್ಧತಿ. ಬಸವರಾಜನ ಅಜ್ಜಿ ಎದ್ದು ನಿಂತರು. "ಆ ಅಮ್ಮ ಬ್ಯಾರೆ ಮನಿಯಾಕಿ ಅಂತ ಬಿಟ್ಟೀವಿ. ಅಳಿಯಾರಿಗೆ ಹಾಕ್ರೆವ್ವಾ!"

ಹಾಕಿದರು. ಎಲ್ಲಕ್ಕಿಂತ ಜೋರಾದ ಗುದ್ದು ನಮ್ಮ ಮನೆಯಲ್ಲಿ ದಿನಾ ಜೋಳದ ರೊಟ್ಟಿ ಬಡಿಯುವ ಕೈಯದು.

ಉಸಿರು ಬಂದ ಮೇಲೆ ಮೆಲ್ಲಗೆ ಕೇಳಿದೆ: "ಕೂಸಿಗೆ ಏನ್ ಹೆಸರಿಟ್ರಿ?"

"ನಿಮ್ಮ ಬಸ್ ಬಂದ ದಿನಾ ಹೇಳ್ತೀನಿ," ಎಂದಳು ಸುಮಂಗಲಾ.

ಮಾನ್ಯ ಅಧ್ಯಕ್ಷರು ಬೆನ್ನು ನೀವಿಕೊಳ್ಳುತ್ತ ಹೋಗಿ ಊಟದ ಕೊನೆಯ ಪಂಕ್ತಿಯಲ್ಲಿ ಕುಳಿತರು.