ನೆಗ್ಗು ಸಮೇತ ರ‍್ಯಾಲಿ ಕಾರು

ಮೋಟಾರು ತಪಾಸಣೆಯ ನೌಕರಿಯಲ್ಲಿ ನಗುವುದಕ್ಕೆ ನನಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ಆದರೂ ನಗು ಬರುವಂಥವು ನಡೆಯುತ್ತಲೇ ಇದ್ದವು. ಎಪ್ಪತ್ತರ ದಶಕದ ಕೊನೆಯಲ್ಲಿ, ನನ್ನ ಬಿಡಾರ ಕೂಡ್ಲಿಗಿಯಲ್ಲಿದ್ದಾಗ, ಒಂದೇ ಕಾರಿನ ಸುತ್ತ ಇಷ್ಟು ನಡೆಯಿತು.

ನೆಗ್ಗು

ಹಡಗಲಿಯ ಮಲ್ಲಿಗೆ ವ್ಯಾಪಾರಿಯ ಅಣ್ಣ ರ‍್ಯಾಲಿ ಪಂದ್ಯಗಳಲ್ಲಿ ಕಾರು ಓಡಿಸಿದವರು, ತೀರಿಕೊಂಡಿದ್ದರು. ಅವರ ವಿದೇಶಿ ಕಾರು ನಮ್ಮ ಸೀಮೆಗೆಲ್ಲ ಅದೊಂದೇ. ಅದರ ಬಾಗಿಲಲ್ಲಿ ಘಟ್ಟದ ಕಲ್ಲು ಬಡಿದ ನೆಗ್ಗು. ಹರಪನಹಳ್ಳಿಯ ಗಿರಣಿ ಸಾಹುಕಾರರಿಗೆ ಅದೇ ಬೇಕು, ವ್ಯಾಪಾರಿ ಕೊಡಲೊಲ್ಲರು. ಕೊನೆಗೆ ಕೊಟ್ಟೂರಿನ ಮೇಸ್ತ್ರಿ ಅದರ ಅಳತೆ ತೆಗೆದು, ಬೇರೊಂದು ಹಳೇ ಕಾರಿನ ಮೇಲೆ ಅಂಥದೇ ಬಾಡಿ ಕಟ್ಟುವುದೆಂದಾಯಿತು.

"ಅದರ ಮ್ಯಾಲೆ ನಕಲು ಅಂತ ಬರಸ್ರಿ ಮತ್ತ. ನಮ್ಮಣ್ಣನ ಹೆಸ್ರು ಇನ್ನೊಬ್ಬರ ಪಾಲಾಗಬಾರ್ದು," ಎಂದರು ವ್ಯಾಪಾರಿ. ಬಾಡಿ ಬದಲಾವಣೆಗೆ ಸಹಿ ಹಾಕಬೇಕಾದವನು ನಾನೇ, ಆ ಮಾತಿಗೆ ಜಾಮೀನು ನಿಂತೆ. ನಕಲು ಮಾಡುವುದು ತಪ್ಪಲ್ಲ, ಅದನ್ನು ಮುಚ್ಚಿಡುವುದು ತಪ್ಪು.

ಕಾರು ಮುಗಿಯಿತು. ಸಾಹುಕಾರರು ಸುತ್ತು ಹಾಕಿ ನೋಡಿದರು.

"ನೆಗ್ಗೆಲ್ಲೈತಿ?"

"ಹೊಸಾ ತಗಡ್ರಿ ಯಜಮಾನ್ರ, ನೆಗ್ಗ್ಯಾಕ?" ಎಂದ ಮೇಸ್ತ್ರಿ.

"ಅದರಾಗ ಐತಿ. ಇದರಾಗೂ ಬೇಕು."

ಮೇಸ್ತ್ರಿ ಹೊಡೆದು ನೆಗ್ಗು ಹಾಕುವನು, ದೂರ ನಿಂತು ನೋಡುವನು, ಕೈ ತಡೆಯದೆ ಒಳಗಿನಿಂದ ಬಡಿದು ಸರಿಮಾಡಿಬಿಡುವನು. ಕಡೆಗೆ ಸಾಹುಕಾರರೇ ಒದ್ದರು. ನೆಗ್ಗು ಬಾಗಿಲಿಗೆ ಬಂತು, ಊತ ಹೆಬ್ಬೆರಳಿಗೆ.

ಫಲಕ

'ನಕಲು' ಎಂಬ ಹಿತ್ತಾಳೆ ಫಲಕವನ್ನು ಸ್ಟಿಯರಿಂಗ್ ಪಕ್ಕ ಸ್ಕ್ರೂ ಹಾಕಿಸಿದೆ. ಸ್ಕ್ರೂಗಳ ಮೇಲೆ ನನಗೆ ನಂಬಿಕೆಯಿಲ್ಲ. ಮೇಸ್ತ್ರಿಗೆ ಹೇಳಿ, ಸೀಟಿನ ಕೆಳಗಿನ ತಗಡಿನಲ್ಲೂ ಅದನ್ನೇ ಉಳಿಯಿಂದ ಕೊರೆಸಿದ್ದೆ.

ಮುಂದಿನ ಸಂತೆಗೆ ಹಗರಿಬೊಮ್ಮನಹಳ್ಳಿಯಲ್ಲಿ ಕಾರಿನ ಸುತ್ತ ಜನವೋ ಜನ. ಸಾಹುಕಾರರು ಕುಂಟುತ್ತ ನೆಗ್ಗು ತೋರಿಸುತ್ತಿದ್ದರು: "ರ‍್ಯಾಲ್ಯಾಗ ಕಲ್ಲು ಬಡದದ್ದು. ಕಾಲಿಗೂ ಆವಾಗ್ಲೇ ಪೆಟ್ಟಾತು."

ಪಕ್ಕಕ್ಕೆ ಕರೆದು ಕೇಳಿದೆ, "ಫಲಕ ಎಲ್ಲಿ?" ಆ ಜಾಗದಲ್ಲಿ ದೇವರ ಫೋಟೊ ಇತ್ತು.

"ದೇವರ ಹಿಂದ ಐತ್ರಿ ಸಾಹೇಬ್ರ. ದೇವರನ್ನ ಸರಸೋ ಧೈರ್ಯ ಇದ್ರ ಸರಸ್ರಿ."

ಸರಿಸಿದೆ. ದೇವರ ಹಿಂದೆ ಇದ್ದದ್ದು ಬರೀ ಸ್ಕ್ರೂ ತೂತು.

ಅಸಲು

ಇಷ್ಟಕ್ಕೇ ನಿಲ್ಲದೆ ಸಾಹುಕಾರರು ಹಡಗಲಿಗೂ ಹೋಗಿ, ಹೂವಿನ ಮಾರ್ಕೆಟ್ಟಿನಲ್ಲಿ ಅದೇ ಕತೆ ಶುರುಮಾಡಿದರು. ವ್ಯಾಪಾರಿ ಬಂದವರೇ ಕಾರಿನೊಳಗೆ ಕೂತರು.

"ಇಳೀರಿ! ಅಸಲಿ ರ‍್ಯಾಲಿ ಕಾರ್ರಿ ಇದು."

"ಅಸಲೇನ್ರಿ? ನಾಕು ಮಂದಿ ಮುಂದ ಇನ್ನೊಮ್ಮೆ ಅನ್ರಿ."

"ಅಸಲು!"

"ಈ ಸೀಮಿಗೆ ಅಸಲು ಇರೋದು ಒಂದೇ. ಅದು ನಮ್ಮಣ್ಣಂದು. ಚಾವಿ ಕೊಡ್ರಿ."

ಅಣ್ಣ ಆ ಕಾರಿನಲ್ಲಿ ಓಡಾಡಿದ್ದನ್ನು ಕಂಡ ಊರು ಅದು. ನೆಗ್ಗು ನೋಡಿ ಎಲ್ಲರೂ, "ಹೌದಪಾ, ಇವರದೇ ಗಾಡಿ," ಎಂದರು. ಯಾರೋ ಪೊಲೀಸರ ಮಾತೆತ್ತಿದರು. ಆ ದಿನ ತಪಾಸಣೆಗೆಂದು ಹಡಗಲಿಗೇ ಬಂದಿದ್ದ ನನ್ನ ಬಳಿಗೆ ಸಾಹುಕಾರರು ಓಡಿಬಂದರು.

"ಸಾಹೇಬ್ರ, ಅದು ನಕಲು ಅಂತ ಹೇಳ್ಬರ್ರಿ!"

"ನೀವೇ ಹೇಳಿ. ಜೋರಾಗಿ ಹೇಳಿ."

ಹೇಳಿದರು. ಒಬ್ಬರೂ ನಂಬಲಿಲ್ಲ. ಆಮೇಲೆ ನಾನು ಸೀಟು ಎತ್ತಿಸಿದೆ. ಸಾಹುಕಾರರು ಆ ಅಕ್ಷರಗಳನ್ನು ಕೈಯಿಂದ ಸವರಿ, "ಓದ್ರೋ! ನಕಲು ಐತಿ, ನಕಲು!" ಎಂದು ಕುಂಟುವುದನ್ನೇ ಮರೆತು ಕುಣಿದರು.

ವ್ಯಾಪಾರಿ ನಿಧಾನಕ್ಕೆ ಇಳಿದರು. "ನಮ್ಮದು ಮನ್ಯಾಗ ಐತ್ರಿ, ಹಿಂದಿನ ಸೀಟಿನ್ಯಾಗ ಕೋಳಿ ಕಾವಿಗೆ ಕುಂತೈತಿ. ಅಣ್ಣನ ಹೆಸ್ರು ವಾಪಸ್ ಬೇಕಿತ್ತು, ಬಂತು."

ಸಾಹುಕಾರರು ಮಾತ್ರ ನನ್ನ ಬೆನ್ನು ಬಿಡಲಿಲ್ಲ. "ಸಾಹೇಬ್ರ, ನಾಳೆ ಮತ್ಯಾರರ ಬಂದು ಕುಂತ್ರ ಏನ್ಮಾಡ್ಲಿ? ಇದು ಅಸಲಿ ನಕಲು ಅಂತ ಒಂದು ಸರ್ಟಿಫಿಕೇಟ್ ಬರದು ಕೊಡ್ರಿ!"