ಏಳನೇ ಕಾಟ್‌ನ ಡಿಸ್ಚಾರ್ಜ್

ಮಿರಜದ ಬಸ್ಸು ಹಿಡಿಯುವ ಅವಸರದಲ್ಲಿ ರಾತ್ರಿ ಪಾಳಿಯ ಡಾಕ್ಟರ್ ಮನೀಷಾ ವಾರ್ಡು ಒಪ್ಪಿಸಿದ್ದು ಇಷ್ಟೇ: "ಏಳನೇ ಕಾಟ್. ಸಕ್ಕರಿ ರೋಗ, ಹೊಸದಾಗಿ ಇನ್ಸುಲಿನ್. ಇವತ್ತ ಮನಿಗೆ." ಹೆಸರು ಅವಳು ಹೇಳಲಿಲ್ಲ. ಅಥಣಿಯ ಆ ಖಾಸಗಿ ಆಸ್ಪತ್ರೆಗೆ ತರಬೇತಿಗೆ ಬಂದು ಎರಡೇ ವಾರವಾಗಿದ್ದ ಡಾಕ್ಟರ್ ರೋಹನ ಕೇಳಲೂ ಇಲ್ಲ.

ಹಿರಿಯ ವೈದ್ಯೆ ಶೈಲಾ ಅವನ ಬೆನ್ನ ಹಿಂದೆ ಬಂದು ನಿಂತರು. "ರೋಗಿಗೆ ಹೇಳು. ಹೇಳಿದ್ದನ್ನ ಅವನ ಬಾಯಿಲೇ ಹೊಳ್ಳಿ ಹೇಳಸು. ಸೂಜಿ ಅವನ ಕೈಲೇ ಹಾಕಸು. ತಪ್ಪಿದ್ರ ನಿನ್ನ ತರಬೇತಿ ಹದಿನೈದು ದಿನ ಮುಂದಕ್ಕ."

ಏಳನೇ ಕಾಟ್ ಮೇಲೆ ಐವತ್ತರ ಗಂಡಸೊಬ್ಬ ಕಾಲು ಚಾಚಿ ಮಲಗಿದ್ದ. ರೋಹನ ಇಪ್ಪತ್ತು ನಿಮಿಷ ಬೆವರು ಸುರಿಸಿ ವಿವರಿಸಿದ. ಆತ ಎದ್ದು ಕುಳಿತು, ಶಾಲಾ ತಪಾಸಣೆಯ ದಿನದ ಜಾಣ ಹುಡುಗನಂತೆ ಒಪ್ಪಿಸಿದ: "ಊಟಕ್ಕಿಂತ ಮೊದಲ ಹತ್ತು ಯುನಿಟ್ರಿ. ದಿನಾ ಜಾಗಾ ಬದಲಿ ಮಾಡೂದ್ರಿ. ಕೈ ನಡಗಿ ಬೆವರ ಬಂದ್ರ ಸಕ್ಕರಿ ತಿನ್ನೂದ್ರಿ." ಅಂಗಿ ಎತ್ತಿ ಹೊಟ್ಟೆಗೆ ತಾನೇ ಸೂಜಿ ಚುಚ್ಚಿಕೊಂಡ.

"ಭಾರೀ ಆತು," ಎಂದರು ಶೈಲಾ. ರೋಹನನ ಎದೆ ಪೂರಿಯಂತೆ ಉಬ್ಬಿತು.

ಎಂಟನೇ ಕಾಟ್‌ನ ಗಿರಿಜವ್ವ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು. "ಅಯ್ಯ, ರೋಗ ನಾಮದೇವಗ. ಸೂಜಿ ಲಗಮಪ್ಪಗ ಯಾಕ್ರಿ?"

ರೋಹನ ಕಾಟಿಗೆ ತೂಗುಹಾಕಿದ್ದ ಕೇಸ್ ಶೀಟಿನ ಹೆಸರು ನೋಡಿದ. "ನೀವು... ನಾಮದೇವ ಅಲ್ಲ?"

"ಅವನ ತಮ್ಮ ರೀ. ಅಣ್ಣ ದಾಡಿ ಮಾಡಿಸ್ಕೊಳ್ಳಾಕ ಹೋಗ್ಯಾನ. ಬರೂತನಕ ಕಾಟ್ ಹಿಡಿ ಅಂದಾನ. ಬಸ್ಸಿನ್ಯಾಗ ಟಾವೆಲ್ ಹಾಕಿ ಸೀಟ್ ಹಿಡಿತಾರಲ್ರಿ, ಹಂಗ."

"ಮತ್ತ ಚುಚ್ಚಿಕೊಂಡ್ರಿ ಯಾಕ?"

"ಡಾಕ್ಟರ್ ಚುಚ್ಚಕೋ ಅಂದ್ರ ಒಲ್ಲೆ ಅನ್ನಾಕ ಬರತೈತೇನ್ರಿ?"

"ಸಕ್ಕರಿ ಇಳದ ಸಾಯ್ತಾನ!" ಎಂದು ರೋಹನ ಚೀರಿದ್ದೇ ತಡ, ಇಡೀ ವಾರ್ಡು ಲಗಮಪ್ಪನ ಮೇಲೆ ಮುಗಿಬಿತ್ತು. ಒಬ್ಬರು ಪೇಢೆ ತಂದರು, ಒಬ್ಬರು ಬಾಳೆಹಣ್ಣು ಸುಲಿದರು. ಗಿರಿಜವ್ವ ಬೆಲ್ಲದ ಹೆಂಟೆಯನ್ನು ಅವನ ತುಟಿಗೆ ಒತ್ತಿದಳು. ಶೈಲಾ ಎಲ್ಲರನ್ನೂ ತಡೆದು ಮೊದಲು ಬೆರಳಿನ ರಕ್ತ ತೆಗೆದು ನೋಡಿದರು. ಸಕ್ಕರೆ ಮುನ್ನೂರ ಎಂಬತ್ತು.

"ಮಶೀನ್ ಕೆಟ್ಟೈತ್ರಿ," ಎಂದ ರೋಹನ.

ಬೇರೆ ಮಶೀನು ತಂದರು. ಮುನ್ನೂರ ಎಂಬತ್ತೆರಡು. ಲಗಮಪ್ಪನಿಗೂ ಸಕ್ಕರೆ ಕಾಯಿಲೆ ಇತ್ತು. ಅದು ಅವನಿಗೇ ಗೊತ್ತಿರಲಿಲ್ಲ. ಗಿರಿಜವ್ವ ಬೆಲ್ಲವನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

ರೋಹನನಿಗೆ ಹೋದ ಜೀವ ಬಂತು. "ಹಂಗಾರ ನಾ ರೋಗ ಹುಡುಕಿದಂಗಾತಲ್ರಿ ಮ್ಯಾಡಂ!"

"ಅದು ಅವನ ನಸೀಬ. ಹೆಸರು ಕೇಳದೇ ಸೂಜಿ ಹಾಕಿಸಿದ್ದು ನಿನ್ನ ತಪ್ಪು. ಹದಿನೈದು ದಿನ ಅಲ್ಲ, ಒಂದು ತಿಂಗಳು."

ಅಷ್ಟರಲ್ಲಿ ನುಣ್ಣಗಿನ ಕೆನ್ನೆ ಸವರಿಕೊಳ್ಳುತ್ತ ನಾಮದೇವ ಬಂದ. ರೋಹನ ಅವನ ಹೆಸರನ್ನು ಮೂರು ಸಲ ಕೇಳಿದ, ಆಧಾರ್ ಕಾರ್ಡು ನೋಡಿದ, ಎದುರಿಗೆ ಕೂರಿಸಿಕೊಂಡು ಮೊದಲಿನಿಂದ ಶುರು ಮಾಡಿದ.

ನಾಮದೇವ ಕೈ ಅಡ್ಡ ಹಿಡಿದ.

"ನನಗ ಏನೂ ನೆನಪ ಇರೂದಿಲ್ರಿ ಸಾಹೇಬ್ರ. ಎಲ್ಲಾ ನಮ್ಮ ತಮ್ಮಗ ಹೇಳ್ರಿ."